ಲ್ಯಾಪ್‌ಟಾಪ್ ಬಿಲ್ಲು ನನ್ನ ಹೆಸರಲ್ಲಿ, ಒಳಗಿನ ಅಪ್ಪಣೆ ಯಾರದು?

ಗೋಣಿಕೊಪ್ಪ_ಡಿಟಿಪಿ
ಗೋಣಿಕೊಪ್ಪಲಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಸಂಘದ ಕರಪತ್ರ, ದೇವಸ್ಥಾನದ ರಸೀದಿ ಪುಸ್ತಕ, ಇಂಥ ಕೆಲಸ. ಹೊಸ ಲ್ಯಾಪ್‌ಟಾಪ್ ತಂದು ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶ ಹಾಕಲು ಹೋದರೆ ಹಾಕಿಸಿಕೊಳ್ಳಲೇ ಇಲ್ಲ. ಅದು 'ಎಸ್ ಮೋಡ್'ನಲ್ಲಿದೆಯಂತೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಇರುವುದನ್ನು ಬಿಟ್ಟರೆ ಬೇರೇನನ್ನೂ ಒಳಗೆ ಬಿಡುವುದಿಲ್ಲ. ಹೊರಗೆ ಬರಲು ದುಡ್ಡಿಲ್ಲ, ಆದರೆ ಒಮ್ಮೆ ಬಂದರೆ ವಾಪಸ್ ಹೋಗುವ ದಾರಿಯೂ ಇಲ್ಲ. ಬಂದೆ. ಆಮೇಲೆ ನೀಲಿ ಪೆಟ್ಟಿಗೆಯೊಂದು ಎದ್ದು ನಿಂತು, ಇದು ಯಾರು ಮಾಡಿದ್ದೋ ಗೊತ್ತಿಲ್ಲ, ನಿಮ್ಮನ್ನು ಕಾಪಾಡಿದ್ದೇವೆ ಅಂತು. 'ಹೆಚ್ಚಿನ ಮಾಹಿತಿ' ಅಂತ ಒತ್ತಿದ ಮೇಲೆಯೇ 'ಆದರೂ ನಡೆಸು' ಅನ್ನುವ ಬಟನ್ ಕಾಣಿಸುವುದು. ಬಚ್ಚಿಟ್ಟ ಹಾಗೆ.

ಕೆಲಸವೇನೋ ಆಯಿತು, ಸಹಾಯ ಕೇಳುತ್ತಿಲ್ಲ. ಬಿಲ್ಲು ನನ್ನ ಹೆಸರಲ್ಲಿದೆ, ಕಂತು ಕಟ್ಟುವವನೂ ನಾನೇ. ಈ ಪೆಟ್ಟಿಗೆಯೊಳಗೆ ಏನು ಓಡಬೇಕು ಎಂದು ಅಪ್ಪಣೆ ಕೊಡುವವರು ಯಾರು? ನಿಮಗೆಲ್ಲ ಏನನ್ನಿಸುತ್ತದೆ, ಹೇಳಿ.

ಹಾರಂಗಿ_ಹಿನ್ನೀರು
ಕೊಡಗಿನವರಿಗೆ ಇದು ಹೊಸದೇನಲ್ಲ ಬಿಡಿ. ಅನ್‌ರಿಡೀಮ್ಡ್ ಬಾಣೆ, ಅಂದರೆ ಮರದ ಹಕ್ಕು ಬಿಡಿಸಿಕೊಳ್ಳದ ತೋಟದ ಜಮೀನು, ಇಟ್ಟುಕೊಂಡವರನ್ನು ಕೇಳಿ. ಜಾಗ ಅವರದು, ಕಾಫಿ ಅವರದು, ನಡುವೆ ನಿಂತ ಮರದ ಹಕ್ಕು ಸರ್ಕಾರದ್ದು. ಮರದ ಬೆಲೆ ಕಟ್ಟಿ ರಿಡೀಮ್ ಮಾಡಿಸಿಕೊಳ್ಳುವ ತನಕ ಕೊಡಲಿ ಎತ್ತುವ ಹಾಗಿಲ್ಲ. ನಿಮ್ಮ ಲ್ಯಾಪ್‌ಟಾಪ್ ಕೂಡ ಅನ್‌ರಿಡೀಮ್ಡ್.

ಇದು ಶುರುವಾದದ್ದು 2012ರಲ್ಲಿ, ವಿಂಡೋಸ್ 8 ಜೊತೆ. ವಿಂಡೋಸ್ ಲೋಗೋ ಬೇಕೆನ್ನುವ ಕಂಪ್ಯೂಟರಿನಲ್ಲಿ ಸೆಕ್ಯೂರ್ ಬೂಟ್ ಚಾಲೂ ಇರಲೇಬೇಕು ಎಂದು ಮೈಕ್ರೋಸಾಫ್ಟ್ ಹೇಳಿತು. ಮಿಷನ್ ಎದ್ದೇಳುವಾಗ ಸಹಿ ಇರುವ ಪ್ರೋಗ್ರಾಂ ಮಾತ್ರ ಓಡಬೇಕು ಅನ್ನುವುದೇ ಸೆಕ್ಯೂರ್ ಬೂಟ್. ಆಗ ಗಲಾಟೆ ಎದ್ದಿತು. ಇಂಟೆಲ್, ಎಎಂಡಿ ಚಿಪ್ಪಿನ ಮಿಷನ್‌ಗಳಲ್ಲಿ ಅದನ್ನು ಆರಿಸಲು (ಆಫ್ ಮಾಡಲು), ಸಹಿ ಪರೀಕ್ಷಿಸುವ ಸ್ವಂತ ಕೀ ಸೇರಿಸಲು ಮಾಲೀಕನಿಗೆ ಅವಕಾಶ ಇರಲೇಬೇಕು ಎಂಬ ಷರತ್ತೂ ನಿಯಮದಲ್ಲಿತ್ತು. ಅದೇ ನಿಯಮ ಆರ್ಮ್ ಚಿಪ್ಪಿನ ವಿಂಡೋಸ್ ಆರ್‌ಟಿಗೆ ಉಲ್ಟಾ: ಅಲ್ಲಿ ಆರಿಸುವ ಅವಕಾಶವನ್ನು ಕೊಡಲೇಬಾರದು! 2015ರಲ್ಲಿ ವಿಂಡೋಸ್ 10 ಬಂದಾಗ ಇಂಟೆಲ್ ಮಿಷನ್‌ಗಳ ಷರತ್ತೂ ಸಡಿಲವಾಯಿತು. ಆರಿಸುವ ಸ್ವಿಚ್ ಕೊಡುವುದು ಬಿಡುವುದು ತಯಾರಕರ ಇಷ್ಟ. ಈಗಲೂ ಹೆಚ್ಚಿನವರು ಕೊಡುತ್ತಿದ್ದಾರೆ, ನಿಜ. ಆದರೆ ಕೊಡುತ್ತಿದ್ದಾರೆ ಅನ್ನುವುದಕ್ಕೂ ಕೊಡಲೇಬೇಕು ಅನ್ನುವುದಕ್ಕೂ ಅಜಗಜಾಂತರ.

ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕುವವರ ಪಾಡು ಕೇಳಿ. ಅಂಗಡಿಯಲ್ಲಿ ಸಿಗುವ ಮಿಷನ್ನುಗಳು ನಂಬುವುದು ಮೈಕ್ರೋಸಾಫ್ಟಿನ ಕೀಯನ್ನು. ಹಾಗಾಗಿ ಉಬುಂಟು, ಫೆಡೋರಾ ಎಂಬ ಲಿನಕ್ಸ್‌ಗಳನ್ನು ಮಾಡುವವರು 'ಶಿಮ್' ಎಂಬ ಪುಟ್ಟ ಪ್ರೋಗ್ರಾಮಿಗೆ ಮೈಕ್ರೋಸಾಫ್ಟಿನಿಂದ ಸಹಿ ಹಾಕಿಸಿಕೊಂಡು ಒಳಗೆ ಬರುತ್ತಾರೆ. ಎದುರಾಳಿಯ ಸಹಿ ಹಿಡಿದುಕೊಂಡು ನಮ್ಮ ಮನೆಗೆ ನಾವು ನುಗ್ಗಬೇಕು. 2024ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಒಂದು ಹಳೇ ಶಿಮ್‌ಗಳನ್ನು ತಿರಸ್ಕರಿಸುವ ಪಟ್ಟಿ ಹಾಕಿತು. ಲಿನಕ್ಸ್ ಜೊತೆಗಿದ್ದರೆ ಹಾಕುವುದಿಲ್ಲ ಅಂದಿದ್ದರು, ಆದರೂ ಎಷ್ಟೋ ಜನರ ಡ್ಯುಯಲ್ ಬೂಟ್ (ವಿಂಡೋಸ್ ಜೊತೆಗೇ ಹಾಕಿದ) ಲಿನಕ್ಸ್ ಏಳದೆ ಕೂತಿತು.

ನಿವೃತ್ತ_ಬ್ಯಾಂಕು
ಬಾಣೆಯ ಮಾತೆತ್ತಿದಿರಿ, ಒಳ್ಳೆಯದು. ಆ ನಿಯಮ ಇಲ್ಲದಿದ್ದರೆ ನಮ್ಮ ತೋಟಗಳಲ್ಲಿ ಒಂದಾದರೂ ಬೀಟೆ ಮರ ಉಳಿಯುತ್ತಿತ್ತೇ? ಮಾಲೀಕ ಯಾವಾಗಲೂ ತನ್ನ ಹಿತವನ್ನೇ ನೋಡಿಕೊಳ್ಳುತ್ತಾನೆ ಅನ್ನುವುದು ನಂಬಿಕೆ ಅಷ್ಟೆ.

ನಾನು ಕೌಂಟರಿನ ಒಳಗೆ ಕೂತು ನೋಡಿದವನು. ಕೊಡಗಿನ ಎಷ್ಟು ಮನೆಗಳಲ್ಲಿ ಈಗ ಮುದುಕರಿಬ್ಬರೇ ಇದ್ದಾರೆ ಯೋಚಿಸಿ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ. ಲ್ಯಾಪ್‌ಟಾಪ್ ಇರುವುದು ಮೊಮ್ಮಕ್ಕಳ ಮುಖ ನೋಡಲು. ಒಂದು ಫೋನ್ ಬರುತ್ತದೆ. ನಿಮ್ಮ ಪೆನ್ಷನ್ ಕೆವೈಸಿ ನಿಂತಿದೆ ಅಂತಲೋ, ನಿಮ್ಮ ಹೆಸರಲ್ಲಿ ಪಾರ್ಸೆಲ್ ಸಿಕ್ಕಿದೆ ಅಂತಲೋ. ಇದನ್ನು ಹಾಕಿಕೊಳ್ಳಿ, ಅದನ್ನು ಒತ್ತಿ, 'ಅಲೋ' (ಅನುಮತಿಸು) ಅನ್ನಿ. ಅಮ್ಮ ಒತ್ತುತ್ತಾರೆ. ಬಚ್ಚಿಟ್ಟ ಬಟನ್ ಎಲ್ಲಿದೆ ಎಂದು ನಿಮಗಿಂತ ಚೆನ್ನಾಗಿ ಆ ಕಡೆಯವನಿಗೆ ಗೊತ್ತು. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ಮನ್ ಕೀ ಬಾತ್‌ನಲ್ಲಿ ಡಿಜಿಟಲ್ ಅರೆಸ್ಟ್ (ವಿಡಿಯೋ ಕರೆಯಲ್ಲಿ ಪೊಲೀಸರೆಂದು ಹೆದರಿಸಿ ದುಡ್ಡು ಕೀಳುವ ಮೋಸ) ಬಗ್ಗೆ ಎಚ್ಚರಿಸಬೇಕಾಯಿತು.

ಮಾಲೀಕ ತಿರುಗಿಸಬಲ್ಲ ಸ್ವಿಚ್ಚನ್ನು ಕಳ್ಳನೂ ಮಾಲೀಕನ ಕೈಯಿಂದಲೇ ತಿರುಗಿಸಬಲ್ಲ. ನಿಮ್ಮ ಸ್ವಾತಂತ್ರ್ಯದ ಮಾತು ಇದಕ್ಕೆ ಉತ್ತರ ಕೊಟ್ಟು ಮುಂದೆ ಹೋಗಲಿ.

(ಯಾರಿಗಾದರೂ ಹೀಗಾಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಗಂಟೆಗಳಲ್ಲಿ ಹೇಳಿದರೆ ದುಡ್ಡು ತಡೆಯುವ ಸಾಧ್ಯತೆ ಹೆಚ್ಚು.)

ಅರೇಬಿಕಾ
ಅಜ್ಜಿಗೆ ಎಸ್ ಮೋಡ್, ಡಿಟಿಪಿಯವರಿಗೆ ಮುಕ್ತ ಮೋಡ್. ಮುಗೀತಲ್ಲ?

ನಿವೃತ್ತ_ಬ್ಯಾಂಕು
ಅಜ್ಜಿ ಯಾರು, ಡಿಟಿಪಿಯವರು ಯಾರು ಅಂತ ಮಿಷನ್ನಿಗೆ ಯಾರು ಹೇಳುವುದು?

ಕಾಳುಮೆಣಸು
ವಿರಾಜಪೇಟೆಯವನು, ಕೆಲಸ ಬೆಂಗಳೂರಿನಲ್ಲಿ, ನೂರಾರು ಲ್ಯಾಪ್‌ಟಾಪ್ ನೋಡಿಕೊಳ್ಳುವುದೇ ಉದ್ಯೋಗ. ಮೇಲಿನ ಮಾತುಗಳಲ್ಲಿ ಮೂರು ಬೇರೆ ಬೇರೆ ಬೀಗಗಳು ಬೆರೆತುಹೋಗಿವೆ. ಎದ್ದೇಳುವಾಗಿನದು ಸೆಕ್ಯೂರ್ ಬೂಟ್. ಡಿಸ್ಕನ್ನು ಕೀ ಇಲ್ಲದೆ ಓದಲಾಗದಂತೆ ಮಾಡುವುದು ಬಿಟ್‌ಲಾಕರ್. ಆ್ಯಪ್‌ಗಳದ್ದು ಎಸ್ ಮೋಡ್, ಸ್ಮಾರ್ಟ್‌ಸ್ಕ್ರೀನ್ (ಆ ನೀಲಿ ಪೆಟ್ಟಿಗೆ). ಫೋನಿನ ಕಳ್ಳನಿಗೆ ಮೊದಲಿನ ಎರಡರ ಗೊಡವೆಯೇ ಇಲ್ಲ. ಅವನು ಹಾಕಿಸುವ, ದೂರದಿಂದಲೇ ಮಿಷನ್ ನಡೆಸುವ ರಿಮೋಟ್ ಆ್ಯಪ್ ಸಾಚಾ ಕಂಪನಿಯದು, ಸಹಿಯೂ ಇರುತ್ತದೆ. ನೀಲಿ ಪೆಟ್ಟಿಗೆ ಅದಕ್ಕೆ ಏಳುವುದೇ ಇಲ್ಲ. ಡಿಜಿಟಲ್ ಅರೆಸ್ಟ್‌ಗಂತೂ ವಾಟ್ಸಾಪ್ ವಿಡಿಯೋ ಸಾಕು. ನುಡಿಗೆ ತಡೆ, ಕಳ್ಳನಿಗೆ ರತ್ನಗಂಬಳಿ, ಹೀಗಿದೆ ಈಗಿನ ವ್ಯವಸ್ಥೆ.

ಹಾಗೆಂದು ಸೆಕ್ಯೂರ್ ಬೂಟ್ ಬರೀ ಬೂಟಾಟಿಕೆ ಅಂತ ನಾನು ಒಪ್ಪುವುದಿಲ್ಲ. ಬ್ಲ್ಯಾಕ್‌ಲೋಟಸ್ ಕತೆ ತಿಳಿದುಕೊಂಡರೆ ಎರಡೂ ಕಡೆ ಕಾಣುತ್ತದೆ. 2022ರ ಕೊನೆಗೆ ಕಳ್ಳಸಂತೆಯಲ್ಲಿ 5,000 ಡಾಲರಿಗೆ ಮಾರಾಟಕ್ಕಿತ್ತು. ವಿಂಡೋಸ್ ಏಳುವ ಮೊದಲೇ ಎದ್ದು ಕೂರುವ ಕಳ್ಳ ಪ್ರೋಗ್ರಾಂ, ಬೂಟ್‌ಕಿಟ್ ಅನ್ನುತ್ತಾರೆ. ಒಮ್ಮೆ ಕೂತರೆ ಬಿಟ್‌ಲಾಕರ್, ವಿಂಡೋಸಿನ ಆಂಟಿವೈರಸ್ ಡಿಫೆಂಡರ್ ಎಲ್ಲವನ್ನೂ ಆರಿಸಬಲ್ಲದು. 2023ರ ಮಾರ್ಚ್‌ನಲ್ಲಿ ಇಸೆಟ್ ಎಂಬ ಭದ್ರತಾ ಕಂಪನಿಯವರು ವಿವರ ಹೊರಹಾಕಿದರು: ಅಪ್‌ಡೇಟ್ ಎಲ್ಲ ಹಾಕಿದ ವಿಂಡೋಸ್ 11ರಲ್ಲೂ, ಸೆಕ್ಯೂರ್ ಬೂಟ್ ಚಾಲೂ ಇದ್ದರೂ ಇದು ಓಡುತ್ತದೆ. ಹೇಗೆಂದರೆ, 2022ರ ಜನವರಿಯಲ್ಲೇ ಸರಿಪಡಿಸಿದ್ದ ತೂತು ಅದು. ಆದರೆ ತೂತಿದ್ದ ಹಳೇ ಬೂಟ್ ಫೈಲಿನ ಸಹಿ ರದ್ದಾಗಿರಲಿಲ್ಲ. ಕಳ್ಳ ಆ ಹಳೇ ಫೈಲನ್ನೇ ಜೊತೆಗೆ ತಂದ. ಸಹಿ ಸರಿಯಿದೆ, ಒಳಗೆ ಬಾ.

ಸರಿ, ರದ್ದು ಮಾಡಿಬಿಡಬಹುದಿತ್ತಲ್ಲ? ಮಾಡಿದರೆ ನಿಮ್ಮ ಡ್ರಾಯರಿನಲ್ಲಿರುವ ಹಳೇ ವಿಂಡೋಸ್ ಪೆನ್‌ಡ್ರೈವ್, ರಿಕವರಿ ಡಿಸ್ಕ್, ಬ್ಯಾಕಪ್ ಎಲ್ಲ ಏಳದೆ ಕೂರುತ್ತವೆ. ಅದಕ್ಕೇ ಮೈಕ್ರೋಸಾಫ್ಟ್ 2023ರ ಮೇ ತಿಂಗಳಲ್ಲಿ ಪರಿಹಾರ ಕೊಟ್ಟಾಗ ಅದನ್ನು ತಾನಾಗಿ ಚಾಲೂ ಮಾಡಲಿಲ್ಲ. ಕಳ್ಳನನ್ನು ತಡೆಯುವ ಪಟ್ಟಿ ಮಾಲೀಕನ ಪೆನ್‌ಡ್ರೈವನ್ನೂ ತಡೆಯುತ್ತದೆ. ಇದಕ್ಕೆ ಜಾಣ ಉಪಾಯವೇನೂ ಇಲ್ಲ, ಯಾರಾದರೂ ಒಬ್ಬರಿಗೆ ತೊಂದರೆಯಾಗಲೇಬೇಕು.

ಇನ್ನು ಬೀಗ ಮಾಡುವವರ ಶಿಸ್ತು. 2024ರ ಜುಲೈನಲ್ಲಿ 'ಪಿಕೆಫೇಲ್' ಎಂಬ ದೋಷ ಹೊರಬಿತ್ತು. ಸೆಕ್ಯೂರ್ ಬೂಟಿನ ತಾಯಿಬೇರಾದ ಪ್ಲಾಟ್‌ಫಾರ್ಮ್ ಕೀ ಪ್ರತಿ ತಯಾರಕನೂ ಸ್ವಂತ ಮಾಡಿಕೊಳ್ಳಬೇಕಾದದ್ದು. ನೂರಾರು ಮಾದರಿಗಳಲ್ಲಿ ಬಯಾಸ್ (ಮಿಷನ್ ಎಬ್ಬಿಸುವ ಮೊದಲ ತಂತ್ರಾಂಶ) ಮಾಡುವ ಕಂಪನಿ ಪರೀಕ್ಷೆಗೆಂದು ಕೊಟ್ಟಿದ್ದ ಕೀಯೇ ಹಾಗೇ ಮಾರುಕಟ್ಟೆಗೆ ಬಂದಿತ್ತು. ಆ ಕೀಯ ಹೆಸರಿನಲ್ಲೇ 'ನಂಬಬೇಡಿ' ಅಂತ ಬರೆದಿತ್ತು! ಮಾಲೀಕ ತನ್ನ ಕೀ ಹಾಕಿಕೊಂಡರೆ ಅಪಾಯ ಎನ್ನುವವರ ಮನೆಯ ಹಣೆಬರಹ ಇದು.

ಸೋಮವಾರಪೇಟೆ_ಸರ್ವೀಸ್
ನೀವೆಲ್ಲ ದೊಡ್ಡ ಮಾತಾಡ್ತಿದ್ದೀರಿ. ನನ್ನ ಬೆಂಚಿನ ಮೇಲೆ ಬರುವುದನ್ನು ಹೇಳ್ತೇನೆ.

ಜೂನ್ ಹಿಡಿದರೆ ನಮ್ಮಲ್ಲಿ ಸಿಡಿಲು, ತೇವ, ವೋಲ್ಟೇಜ್ ಎಲ್ಲ ಒಟ್ಟಿಗೆ. ಬೋರ್ಡ್ ಹೋದ ಲ್ಯಾಪ್‌ಟಾಪ್ ಸಾಲಾಗಿ ಬರ್ತವೆ. ಮೊದಲಾದರೆ ಡಿಸ್ಕ್ ಕಳಚಿ ಬೇರೆ ಮಿಷನ್ನಿಗೆ ಹಾಕಿ ಫೋಟೋ, ಲೆಕ್ಕ ಎಲ್ಲ ತೆಗೆದುಕೊಡ್ತಿದ್ದೆ. ಈಗ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್. ಬೀಗದ ಕೈ ಇರುವುದು ಸತ್ತ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಒಳಗೆ. ಇನ್ನೊಂದು ದಾರಿ 48 ಅಂಕಿಯ ರಿಕವರಿ ಕೀ. ಅದೆಲ್ಲಿದೆ ಅಂದರೆ ಗಿರಾಕಿ ನನ್ನ ಮುಖ ನೋಡ್ತಾರೆ. ಬಿಟ್‌ಲಾಕರ್ ಅಂತ ಒಂದಿದೆ ಅಂತಲೇ ಅವರಿಗೆ ಗೊತ್ತಿಲ್ಲ, ಯಾಕಂದರೆ ಯಾರೂ ಕೇಳಿಲ್ಲ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೈನ್ ಇನ್ ಆದ ಕೂಡಲೇ ತಾನಾಗಿ ಚಾಲೂ, ಕೀ ಆ ಅಕೌಂಟಿಗೆ ಹೋಗಿ ಕೂರ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಇನ್ನೂ ಹೆಚ್ಚು ಮಿಷನ್‌ಗಳಲ್ಲಿ ಹೀಗೆ.

ಮಜಾ ಏನಂದರೆ ಆ ಅಕೌಂಟ್ ಯಾರದು? ಮಾರಿದ ಅಂಗಡಿಯ ಹುಡುಗ ಸೆಟಪ್ ಮುಗಿಸಲು ಅವಸರದಲ್ಲಿ ತನ್ನದೇ ಈಮೇಲ್ ಹಾಕಿರ್ತಾನೆ. ಆ ಹುಡುಗ ಈಗ ಮೈಸೂರಿನಲ್ಲೋ ಎಲ್ಲೋ. ಮಗಳ ಮದುವೆಯ ಫೋಟೋ ಎಲ್ಲ ಇರುವ ಡಿಸ್ಕ್ ಕೈಯಲ್ಲಿ ಹಿಡ್ಕೊಂಡು ಏನೂ ಮಾಡಲಾಗದೆ ವಾಪಸ್ ಕೊಟ್ಟಿದ್ದೇನೆ. ಕಳ್ಳನಿಂದ ಕಾಪಾಡುವ ಬೀಗ, ಒಪ್ಪಿದೆ. ನಮ್ಮ ಕಡೆ ಲ್ಯಾಪ್‌ಟಾಪ್ ಕದಿಯುವ ಕಳ್ಳನಿಗಿಂತ ಮಳೆಯೇ ದೊಡ್ಡ ಕಳ್ಳ.

ಗೋಣಿಕೊಪ್ಪ_ಡಿಟಿಪಿ
ಅಯ್ಯೋ. ನನ್ನದರಲ್ಲೂ ಇದೆಯಾ ಹೇಗೆ ನೋಡುವುದು? ಇಪ್ಪತ್ತು ವರ್ಷದ ಮದುವೆ ಕಾಗದದ ಫೈಲುಗಳಿವೆ.

ಸೋಮವಾರಪೇಟೆ_ಸರ್ವೀಸ್
ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಅದರೊಳಗೆ ಡಿವೈಸ್ ಎನ್‌ಕ್ರಿಪ್ಶನ್. ಚಾಲೂ ಇದ್ದರೆ ಮೊದಲು ಕೀ ಪ್ರಿಂಟ್ ತೆಗೆದು ಪಹಣಿ, ಪಟ್ಟೆ ಇಟ್ಟಿರುವ ಫೈಲಿನಲ್ಲೇ ಇಡಿ. ಪ್ರಿಂಟರ್ ನಿಮ್ಮಲ್ಲೇ ಇದೆಯಲ್ಲ. ಬೇರೆ ಡಿಸ್ಕಿಗೆ ಒಂದು ಕಾಪಿ ಮಾಡುವುದನ್ನಂತೂ ಬಿಡಬೇಡಿ.

ಕಕ್ಕಬ್ಬೆ_ಜೇನು
ಆಟದವರ ಕಡೆಯಿಂದ ಒಂದು ಮಾತು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಬೇಕಾದರೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಬೇಕು. 2025ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6ಕ್ಕೂ ಸೆಕ್ಯೂರ್ ಬೂಟ್ ಕಡ್ಡಾಯ. ಇಲ್ಲಿ ನನ್ನನ್ನು ಯಾರಿಂದಲೂ ಕಾಪಾಡುತ್ತಿಲ್ಲ. ನಾನು ಮೋಸ ಮಾಡಬಹುದು ಅಂತ ನನ್ನಿಂದ ಆಟವನ್ನು ಕಾಪಾಡುತ್ತಿದ್ದಾರೆ. ಆದರೂ ನನಗೆ ಬೇಜಾರಿಲ್ಲ, ಮೋಸಗಾರರು ಕಮ್ಮಿಯಾದರೆ ನನಗೇ ಖುಷಿ. ಕರೆಂಟ್ ಇದ್ದ ದಿನ ಆಡುವುದು, ಆ ದಿನವೂ ಹ್ಯಾಕರ್ ಸಿಕ್ಕರೆ ಹೇಗಾಗಬೇಡ.

ನಿವೃತ್ತ_ಬ್ಯಾಂಕು
ಪರೀಕ್ಷೆ ಯಾವಾಗಪ್ಪ?

ಕಾಳುಮೆಣಸು
ಹುಡುಗ ಹೇಳಿದ್ದರಲ್ಲೇ ತಿರುಳಿದೆ. ಟಿಪಿಎಂ ತಾನಾಗಿ ಯಾವುದನ್ನೂ ತಡೆಯುವುದಿಲ್ಲ. ಎದ್ದೇಳುವಾಗ ಏನೇನು ಓಡಿತು ಎಂದು ಅಳೆದು ಬರೆದಿಟ್ಟುಕೊಳ್ಳುತ್ತದೆ, ಕೇಳಿದವರಿಗೆ ಸಹಿ ಹಾಕಿ ಹೇಳಬಲ್ಲದು. ಕೇಳುವವರು ಯಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ನನ್ನ ಡಿಸ್ಕ್ ತೆರೆಯುವ ಮುಂಚೆ ಯಾರೂ ಕೈಯಾಡಿಸಿಲ್ಲವೇ ಎಂದು ನಾನೇ ಕೇಳಿದರೆ ಅದು ನನ್ನ ಕಾವಲುಗಾರ. ಆಟ ಕೇಳಿದರೆ, ಒಪ್ಪಿ ಆಡುತ್ತಿದ್ದೇನೆ, ಬೇಡವಾದರೆ ಬಿಡಬಹುದು. ನಾಳೆ ಬ್ಯಾಂಕಿನ ವೆಬ್‌ಸೈಟೋ ಸರ್ಕಾರಿ ಪೋರ್ಟಲ್ಲೋ ಕೇಳಿದರೆ? ಬಿಡುವ ಹಾಗಿಲ್ಲ. 2023ರಲ್ಲಿ ಗೂಗಲ್ ಬ್ರೌಸರಿಗೇ ಇಂಥದ್ದೊಂದು ತರಲು ಹೊರಟಿತ್ತು, ವೆಬ್ ಎನ್ವಿರಾನ್‌ಮೆಂಟ್ ಇಂಟೆಗ್ರಿಟಿ ಅಂತ. ವಿರೋಧ ಬಂದು ಅದೇ ವರ್ಷದ ನವೆಂಬರಿನಲ್ಲಿ ಕೈಬಿಟ್ಟರು. ಕೈಬಿಟ್ಟದ್ದು ಆ ಪ್ರಸ್ತಾವವನ್ನು, ಆಸೆಯನ್ನಲ್ಲ ಅಂತ ನನ್ನ ಗುಮಾನಿ.

ಎಲ್ಲ ಕಡೆಯೂ ಇದು ಕೆಟ್ಟದು ಅಂತಲೂ ಅಲ್ಲ. ಆಧಾರ್ ಬೆರಳಚ್ಚಿನ ಯಂತ್ರವನ್ನೇ ನೋಡಿ. ನಕಲಿ ಬೆರಳಚ್ಚಿನಿಂದ ಜನರ ಖಾತೆ ಖಾಲಿಯಾದ ಮೇಲೆ, ಯಂತ್ರದ ಒಳಗೇ ಸುರಕ್ಷಿತ ಜಾಗದಲ್ಲಿ ಸಹಿ ಹಾಕುವ ಎಲ್1 ಯಂತ್ರವೇ ಬೇಕು ಎಂದರು. ಅದನ್ನು ಕೊಂಡ ಸೇವಾ ಕೇಂದ್ರದವನು ಬಿಚ್ಚಿ ಬದಲಾಯಿಸುವ ಹಾಗಿಲ್ಲ, ಹಾಗಿರುವುದೇ ಸರಿ. ಯಾಕೆಂದರೆ ಅಲ್ಲಿ ಅಪಾಯದಲ್ಲಿರುವುದು ಅವನ ಬೆರಳಲ್ಲ, ಸಾಲಿನಲ್ಲಿ ನಿಂತವರದು.

ಮೇಷ್ಟ್ರು_ನಾಪೋಕ್ಲು
ಶಾಲೆಯ ಲ್ಯಾಬ್ ನೋಡಿಕೊಳ್ಳುವವನಾಗಿ ಒಂದು ಸಂಗತಿ. ದಾನವಾಗಿ ಬಂದ ನಮ್ಮ ಕಂಪ್ಯೂಟರುಗಳು ಏಳನೇ ತಲೆಮಾರಿನ ಇಂಟೆಲ್ ಐ5. ಗಟ್ಟಿಮುಟ್ಟಾಗಿವೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಜೊತೆಗೆ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನದೇ ಆಗಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಭದ್ರತೆಯ ಹೆಸರಿನಲ್ಲಿ ಭದ್ರತೆಯ ಮಾಮೂಲಿ ಅಪ್‌ಡೇಟೇ ಸಿಗದ ಸ್ಥಿತಿ. ಲಿನಕ್ಸ್ ಮಿಂಟ್ ಹಾಕಿದ್ದೇವೆ, ಕನ್ನಡ ಕೀಲಿಮಣೆ ಚೆನ್ನಾಗಿ ನಡೆಯುತ್ತದೆ. ಸೆಕ್ಯೂರ್ ಬೂಟ್ ಆರಿಸಬೇಕಾಗಿಯೂ ಬರಲಿಲ್ಲ, ಶಿಮ್ ದಯೆಯಿಂದ. ಮಕ್ಕಳಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ತಿಳಿದದ್ದು ಆಫೀಸಿನ ಗುಮಾಸ್ತರಿಗೆ, ಅವರ ಹಳೇ ನುಡಿ ಫೈಲುಗಳು ತೆರೆದಾಗ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಹಾರಂಗಿ_ಹಿನ್ನೀರು
ಮೇಷ್ಟ್ರೇ, ಅದೇ ಶಿಮ್‌ಗೆ ಸಹಿ ಹಾಕುತ್ತಿದ್ದ 2011ರ ಸರ್ಟಿಫಿಕೇಟಿನ ಅವಧಿ 2026ರ ಜೂನ್‌ವರೆಗೆ ಮಾತ್ರ. ಈಗಾಗಲೇ ಹಾಕಿರುವುದು ಏಳುವುದು ನಿಲ್ಲುವುದಿಲ್ಲ, ಹೆದರಬೇಡಿ. ಆದರೆ ಮುಂದೆ 2023ರ ಕೀಯಿಂದ ಮಾತ್ರ ಸಹಿಯಾದ ಶಿಮ್ ಬಂದಾಗ, ಆ ಹೊಸ ಕೀ ಗೊತ್ತಿಲ್ಲದ ಹಳೇ ಬಯಾಸ್ ಅದನ್ನು ಒಪ್ಪುವುದಿಲ್ಲ. ಬಯಾಸ್ ಅಪ್‌ಡೇಟ್ ಸಿಗದ ಹಳೇ ಮಿಷನ್ನುಗಳಲ್ಲಿ ಕೊನೆಗೆ ಉಳಿಯುವ ದಾರಿ ಸೆಕ್ಯೂರ್ ಬೂಟ್ ಆರಿಸುವುದು. ಆರಿಸುವ ಸ್ವಿಚ್ ಇರಲಿ ಅಂತ ನಾನು ಬೊಬ್ಬೆ ಹೊಡೆಯುವುದು ಇದಕ್ಕೇ.

ನಿವೃತ್ತ_ಬ್ಯಾಂಕು
ಸ್ವಿಚ್ ಇರಲಿ ಅನ್ನುತ್ತೀರಿ. ಕಾಳುಮೆಣಸು ಅವರು ಫೋನ್ ಕಳ್ಳನಿಗೆ ಆ ಸ್ವಿಚ್ ಬೇಡವೇ ಬೇಡ ಅನ್ನುತ್ತಾರೆ. ಹಾಗಾದರೆ ನನ್ನಂಥವರ ಮನೆಗೆ ಏನು ಮಾಡಬೇಕು, ಅದನ್ನು ಯಾರೂ ಹೇಳಲಿಲ್ಲ.

ಕಾಳುಮೆಣಸು
ಹೇಳುತ್ತೇನೆ. ಸ್ವಿಚ್ ಇರಬೇಕೇ ಬೇಡವೇ ಎಂದು ಜಗಳವಾಡುವುದಕ್ಕಿಂತ ಅದು ಎಲ್ಲಿರಬೇಕು ಎಂದು ಕೇಳಬೇಕು. ಒಳ್ಳೇ ಮಾದರಿಗಳು ಆಗಲೇ ಇವೆ.

ಗೂಗಲ್ ತಂತ್ರಾಂಶದ ಲ್ಯಾಪ್‌ಟಾಪ್ ಆದ ಕ್ರೋಮ್‌ಬುಕ್ ತೀರಾ ಬಿಗಿ ಯಂತ್ರ. ಆದರೂ ಡೆವಲಪರ್ ಮೋಡ್ ಅಂತ ಬಾಗಿಲಿದೆ. ಮಿಷನ್ ಎದುರು ಕೂತು ಮೂರು ಕೀ ಒಟ್ಟಿಗೆ ಹಿಡಿದು ಎಬ್ಬಿಸಬೇಕು. ಒಪ್ಪಿದರೆ ಒಳಗಿನ ಡೇಟಾ ಎಲ್ಲ ಒರೆಸಿಹೋಗುತ್ತದೆ, ಆಮೇಲೆ ಪ್ರತಿ ಸಲ ಎದ್ದಾಗಲೂ ಎಚ್ಚರಿಕೆ ತೋರಿಸುತ್ತದೆ. ಕಳ್ಳ ಫೋನಿನಲ್ಲಿ ಅಜ್ಜಿಯಿಂದ ಇದನ್ನು ಮಾಡಿಸಿದ ಅನ್ನಿ, ಕದಿಯಲು ಏನೂ ಉಳಿದಿರುವುದಿಲ್ಲ. ಮಾಲೀಕನಿಗೆ ಮಾತ್ರ ಪೂರ್ತಿ ಯಂತ್ರ ಸಿಗುತ್ತದೆ.

2020ರಿಂದ ಬಂದ ಆ್ಯಪಲ್ ಚಿಪ್ಪಿನ ಮ್ಯಾಕ್‌ಗಳಲ್ಲೂ ಹಾಗೇ. ಆರಿಸಿ, ಪವರ್ ಬಟನ್ ಒತ್ತಿಹಿಡಿದು ರಿಕವರಿಗೆ ಹೋಗಿ, ಪಾಸ್‌ವರ್ಡ್ ಕೊಟ್ಟರೆ ಭದ್ರತೆಯ ಮಟ್ಟ ಇಳಿಸಬಹುದು. ಆ ಮ್ಯಾಕ್‌ಗಳಿಗೆಂದೇ ಇರುವ ಅಸಾಹಿ ಲಿನಕ್ಸ್ ಓಡುವುದು ಈ ದಾರಿಯಿಂದಲೇ, ಯಾವ ತೂತನ್ನೂ ಕೊರೆದು ಅಲ್ಲ. ನಮ್ಮ ಶಿಮ್‌ನಲ್ಲೂ ಮಾಲೀಕನ ಕೀ ಸೇರಿಸುವ ಪರದೆ ಇದೆ. ಅದು ಬರುವುದು ರೀಸ್ಟಾರ್ಟ್ ಆದ ಮೇಲೆ, ಲಿನಕ್ಸ್ ಏಳುವ ಮೊದಲು. ಆ ಹೊತ್ತಿಗೆ ಯಾವ ರಿಮೋಟ್ ಆ್ಯಪೂ ಬದುಕಿರುವುದಿಲ್ಲ. ಮಿಷನ್ ಮುಂದೆ ಕೂತ ಮನುಷ್ಯನೇ ಒತ್ತಬೇಕು.

ಎಸ್ ಮೋಡ್ ನೋಡಿ, ಎಲ್ಲ ಇದಕ್ಕೆ ತದ್ವಿರುದ್ಧ. ಹೊರಬರುವುದು ಒಂದೆರಡು ಕ್ಲಿಕ್, ರಿಮೋಟಿನಲ್ಲಿ ಕೂತವನೂ ಮಾಡಿಸಬಲ್ಲ. ಮಗ ಊರಿಗೆ ಬಂದಾಗ ಅಮ್ಮನ ಮಿಷನ್ನನ್ನು ಮತ್ತೆ ಎಸ್ ಮೋಡಿಗೆ ಹಾಕೋಣ ಅಂದರೆ ಆಗದು. ತೆರೆಯಲು ಸುಲಭ, ಮುಚ್ಚಲು ಅಸಾಧ್ಯ. ಯಾರಿಗೆಂದು ಮಾಡಿದ್ದೋ.

ಹಾರಂಗಿ_ಹಿನ್ನೀರು
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಒಂದು ಷರತ್ತು: ಬಾಗಿಲು ದಾಟಿದವನನ್ನು ಆಮೇಲೆ ಶಿಕ್ಷಿಸಬಾರದು. ನೀನು ಸ್ವಂತ ಕೀ ಹಾಕಿಕೊಂಡಿದ್ದೀಯ, ಆದ್ದರಿಂದ ಬ್ಯಾಂಕ್ ಇಲ್ಲ, ಪೋರ್ಟಲ್ ಇಲ್ಲ ಅಂದರೆ ಬಾಗಿಲು ಇದ್ದೂ ಇಲ್ಲದ ಹಾಗೆ. ಫೋನುಗಳಲ್ಲಿ ಅದಾಗಲೇ ಆಗಿದೆ, ರೂಟ್ ಮಾಡಿದ (ಪೂರ್ತಿ ಹಿಡಿತ ಮಾಲೀಕನೇ ತೆಗೆದುಕೊಂಡ) ಆಂಡ್ರಾಯ್ಡಿನಲ್ಲಿ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಓಡುವುದಿಲ್ಲ.

ನಿವೃತ್ತ_ಬ್ಯಾಂಕು
ಬ್ಯಾಂಕಿಗೂ ತನ್ನ ನಷ್ಟದ ಲೆಕ್ಕ ಇರುತ್ತದೆ ಸ್ವಾಮಿ. ನಷ್ಟವಾದಾಗ 'ನನ್ನ ಕೀ, ನನ್ನ ಹೊಣೆ' ಅಂತ ಬರೆದುಕೊಡುವ ಗಿರಾಕಿಯನ್ನು ನಾನಂತೂ ಕೌಂಟರಿನಲ್ಲಿ ಕಾಣಲಿಲ್ಲ.

ನಮ್ಮ ಮನೆಯ ವ್ಯವಸ್ಥೆ ಹೇಳುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ನಾನು ಸ್ಟ್ಯಾಂಡರ್ಡ್ ಯೂಸರ್. ಅಡ್ಮಿನ್ ಪಾಸ್‌ವರ್ಡ್ ಬೆಂಗಳೂರಿನಲ್ಲಿರುವ ಮಗಳ ಹತ್ತಿರ. ಹೊಸದೇನಾದರೂ ಹಾಕಬೇಕಾದರೆ ಅವಳಿಗೆ ಫೋನ್. ರಿಮೋಟ್ ಆ್ಯಪ್‌ಗಳನ್ನು ಅವಳೇ ತಡೆಹಾಕಿ ಹೋಗಿದ್ದಾಳೆ. ಮೂವತ್ತು ವರ್ಷ ತಿಜೋರಿಗೆ ಇಬ್ಬರ ಕೀ ಹಾಕಿ ತೆರೆದವನಿಗೆ ಇದರಲ್ಲಿ ಅವಮಾನವೇನೂ ಕಾಣಲಿಲ್ಲ.

ಅರೇಬಿಕಾ
ಅಂದರೆ ಬೀಗ ಬೇಕು, ಆದರೆ ಕೀ ಯಾರ ಹತ್ರ ಅಂತ ತೀರ್ಮಾನಿಸಿದ್ದು ನೀವು, ಕಂಪನಿಯಲ್ಲ. ಹಾರಂಗಿಯವರು ಶುರುವಿನಿಂದ ಹೇಳುತ್ತಿರುವುದೂ ಇದನ್ನೇ ಅಲ್ಲವಾ?

ನಿವೃತ್ತ_ಬ್ಯಾಂಕು
ಅವರು ಇಷ್ಟು ಚಿಕ್ಕದಾಗಿ ಹೇಳಿದ್ದರೆ ನಾನೂ ಬೇಗ ಒಪ್ಪುತ್ತಿದ್ದೆ. ಆದರೆ ಮಗಳಿಲ್ಲದ ಮನೆಗಳ ಪ್ರಶ್ನೆ ಹಾಗೇ ಇದೆ. ಅಲ್ಲಿ ಕಂಪನಿಯೇ ಮಗಳು.

ಹಾರಂಗಿ_ಹಿನ್ನೀರು
ಹಾಗೆ ಇಟ್ಟುಕೊಂಡರೂ, ಬೇಡ ಅಂದಾಗ ಪಾಸ್‌ವರ್ಡ್ ವಾಪಸ್ ಕೊಡುವ ಮಗಳಾಗಿರಬೇಕು. ಎರಡನೇ ಮಿಷನ್ನು ಮಾರಲು ಮೊದಲನೆಯದನ್ನು ಹಳತು ಅನ್ನುವವಳಾಗಬಾರದು.

ಗೋಣಿಕೊಪ್ಪ_ಡಿಟಿಪಿ
ನೋಡಿದೆ, ಎನ್‌ಕ್ರಿಪ್ಶನ್ ಚಾಲೂ ಇದೆ. ಅಕೌಂಟ್ ನನ್ನದೇ ಈಮೇಲ್. ಕೀ ಪ್ರಿಂಟ್ ತೆಗೆದೆ, ಸೆಕ್ಯೂರ್ ಬೂಟ್ ಮುಟ್ಟಿಲ್ಲ. ಈಗ ಬಯಾಸ್ ಅಪ್‌ಡೇಟ್ ಒಂದು ಬಂದು ಕೂತಿದೆ. ಆ ಹೊಸ ಸರ್ಟಿಫಿಕೇಟಿನದೇ ಇರಬೇಕು. ಹಾಕಬಹುದಾ? ಹೊರಗೆ ಗುಡುಗುತ್ತಿದೆ ಬೇರೆ.

ಸೋಮವಾರಪೇಟೆ_ಸರ್ವೀಸ್
ಹಾಕಿ, ಆದರೆ ಗುಡುಗು ನಿಂತ ಮೇಲೆ. ಬ್ಯಾಟರಿ ಪೂರ್ತಿ ಇರಲಿ, ಚಾರ್ಜರ್ ಯುಪಿಎಸ್‌ಗೆ ಸಿಕ್ಕಿಸಿ. ಮೊದಲು ಬಿಟ್‌ಲಾಕರ್ ಸಸ್ಪೆಂಡ್ (ತಾತ್ಕಾಲಿಕವಾಗಿ ನಿಲ್ಲಿಸುವುದು) ಮಾಡಿ. ಇಲ್ಲದಿದ್ದರೆ ಬಯಾಸ್ ಬದಲಾದದ್ದನ್ನು ಟಿಪಿಎಂ ಬೇರೆ ಯಾರೋ ಬಂದಿದ್ದಾರೆ ಅಂತ ತಿಳಿದು 48 ಅಂಕಿ ಕೇಳಬಹುದು. ಪ್ರಿಂಟ್ ತೆಗೆದ ಹಾಳೆಯ ಅಂಕಿ ಎಲ್ಲ ಓದಲು ಬರ್ತದಾ ಅಂತ ಒಮ್ಮೆ ನೋಡಿಕೊಳ್ಳಿ, ಟೋನರ್ ಮುಗಿಯುವ ಹೊತ್ತಿಗೆ 3 ಯಾವುದು 8 ಯಾವುದು ಅಂತ ಗೊತ್ತಾಗುವುದಿಲ್ಲ.